ಕೆರೆಸರಣಿಯ ಲೆಕ್ಕ: ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಬಹುಯೋಜನಾ ಕಾರ್ಯಕ್ರಮಗಳ ರಚನೆ ಮತ್ತು ಮೌಲ್ಯಮಾಪನ

ಕನ್ನಡದ ಆಡಳಿತ ಭಾಷೆಯಲ್ಲಿ ‘ಯೋಜನೆ’ ಎಂಬ ಒಂದೇ ಪದ ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳ ಭಾರವನ್ನು ಹೊತ್ತಿದೆ. ಮುಂದಿನ ಐದು ವರ್ಷಗಳಲ್ಲಿ ಒಂದು ಪ್ರದೇಶ ಹೇಗಿರಬೇಕೆಂಬ ಚಿಂತನೆಯೂ ಯೋಜನೆ. ಸರ್ಕಾರ ಹೆಸರಿಟ್ಟು, ಲೆಕ್ಕ ಶೀರ್ಷಿಕೆ ಕೊಟ್ಟು, ಫಲಾನುಭವಿಗಳನ್ನು ಆಯ್ದು ನೀಡುವ ಸೌಲಭ್ಯವೂ ಯೋಜನೆ. ಗೊತ್ತಾದ ಜಾಗದಲ್ಲಿ ಗೊತ್ತಾದ ಹಣದಿಂದ ಗೊತ್ತಾದ ಅವಧಿಯೊಳಗೆ ಕಟ್ಟಿ ಮುಗಿಸುವ ಅಣೆಕಟ್ಟು ಅಥವಾ ಪೈಪ್‌ಲೈನ್ ಕೂಡ ಯೋಜನೆಯೇ. ಈ ಉಪನ್ಯಾಸದ ಮಟ್ಟಿಗೆ ‘ಯೋಜನೆ’ ಎಂಬುದನ್ನು ಕೊನೆಯ ಎರಡು ಅರ್ಥಗಳಲ್ಲಿ, ಅಂದರೆ ಒಂದು ಇಲಾಖೆ ಒಂದು ಅನುದಾನದಿಂದ ನಡೆಸುವ ಕೆಲಸ ಎಂಬ ಅರ್ಥದಲ್ಲಿ ಬಳಸಲಾಗಿದೆ. ಅದರೊಳಗಿನ ಬಿಡಿ ಕೆಲಸವನ್ನು ‘ಕಾಮಗಾರಿ’ ಎಂದೂ, ಒಂದೇ ಸಾರ್ವಜನಿಕ ಗುರಿಯತ್ತ ಸಾಗಬೇಕಾದ ಹಲವು ಯೋಜನೆಗಳ ಸಮೂಹವನ್ನು ‘ಕಾರ್ಯಕ್ರಮ’ ಎಂದೂ ಕರೆಯಲಾಗಿದೆ. ಕಾಮಗಾರಿಗೆ ಅಂದಾಜು ಪಟ್ಟಿಯಿದೆ, ಯೋಜನೆಗೆ ಮಾರ್ಗಸೂಚಿಯಿದೆ. ಕಾರ್ಯಕ್ರಮಕ್ಕೆ ಮಾತ್ರ, ಹಲವು ಸಲ, ಹೆಸರಿನ ಹೊರತು ಬೇರೇನೂ ಇರುವುದಿಲ್ಲ.

ಹೀಗೆ ವಿಂಗಡಿಸಿದ ಕೂಡಲೇ ಏಳುವ ಪ್ರಶ್ನೆ ಇದು: ಪ್ರತಿಯೊಂದು ಯೋಜನೆಯೂ ತನ್ನ ಗುರಿಯನ್ನು ಮುಟ್ಟಿದ ಮೇಲೂ ಕಾರ್ಯಕ್ರಮ ಸೋಲುವುದು ಸಾಧ್ಯವೆ? ಸಾಧ್ಯವೆಂಬುದನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೀರಿನ ಚರಿತ್ರೆ ಸ್ಪಷ್ಟವಾಗಿ ತೋರಿಸುತ್ತದೆ. 1986ರ ಆಗಸ್ಟ್ 15ರಂದು ಹಳೆಯ ಬೆಂಗಳೂರು ಜಿಲ್ಲೆಯಿಂದ ಬೇರೆಯಾಗಿ, 2007ರಲ್ಲಿ ರಾಮನಗರ ಜಿಲ್ಲೆಗೆ ನಾಲ್ಕು ತಾಲ್ಲೂಕುಗಳನ್ನು ಬಿಟ್ಟುಕೊಟ್ಟ ನಂತರ ಈ ಜಿಲ್ಲೆಯಲ್ಲಿ ಉಳಿದದ್ದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ. 2011ರ ಜನಗಣತಿಯಲ್ಲಿ 9,90,923 ಜನರಿದ್ದ ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ನಂದಿಬೆಟ್ಟದ ಕಡೆಯಿಂದ ಇಳಿಯುವ ಅರ್ಕಾವತಿ, ಶಿವಗಂಗೆಯ ಕಡೆಯ ಕುಮುದ್ವತಿ, ಹೊಸಕೋಟೆಯ ಮೇಲೆ ಸಾಗುವ ದಕ್ಷಿಣ ಪಿನಾಕಿನಿ, ಇವೆಲ್ಲ ಮಳೆಯನ್ನೇ ನಂಬಿದ ಹೊಳೆಗಳು. ಕೇಂದ್ರ ಅಂತರ್ಜಲ ಮಂಡಳಿಯ ಇತ್ತೀಚಿನ ವರ್ಗೀಕರಣಗಳಲ್ಲಿ ನಾಲ್ಕೂ ತಾಲ್ಲೂಕುಗಳು ‘ಅತಿಬಳಕೆ’ಯ ಪಟ್ಟಿಯಲ್ಲಿವೆ. ವರ್ಷಕ್ಕೆ ನೆಲದೊಳಗೆ ಇಂಗುವ ನೀರಿಗಿಂತ ಹೆಚ್ಚು ನೀರನ್ನು ಮೇಲೆತ್ತಲಾಗುತ್ತಿದೆ ಎಂಬುದೇ ಆ ಪದದ ಅರ್ಥ. ಜಿಲ್ಲೆಯಲ್ಲಿ ನೀರಿನ ಹೆಸರಿನಲ್ಲಿ ನಡೆಯದ ಯೋಜನೆಯೇ ಇಲ್ಲವೆನ್ನಬಹುದಾದ ಅವಧಿಯಲ್ಲಿಯೇ ಈ ಸ್ಥಿತಿ ಉಂಟಾಗಿದೆ.

ಇದರ ಕಾರಣವನ್ನು ಹುಡುಕಲು ಈ ಸೀಮೆಯ ಯಾವುದೇ ಸಾಧಾರಣ ಕೆರೆಯೊಂದನ್ನು ಹತ್ತಿರದಿಂದ ನೋಡಿದರೆ ಸಾಕು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಾಗಿದ್ದರೆ ಆ ಕೆರೆಯ ಏರಿ, ತೂಬು ಮತ್ತು ಕೋಡಿ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಕಡಿಮೆಯಿದ್ದರೆ ಜಿಲ್ಲಾ ಪಂಚಾಯಿತಿಗೆ. ಕೆರೆಯಂಗಳದ ಗಡಿ ಗುರುತಿಸಿ ಒತ್ತುವರಿ ಬಿಡಿಸಬೇಕಾದದ್ದು ಕಂದಾಯ ಇಲಾಖೆ. ಅಂಗಳದ ಜಾಲಿಯನ್ನು ಕಡಿಯಬೇಕಾದರೆ ಕೇಳಬೇಕಾದದ್ದು ಅರಣ್ಯ ಇಲಾಖೆಯನ್ನು. ಮೀನು ಹಿಡಿಯುವ ಹಕ್ಕಿನ ವಿಲೇವಾರಿಯಲ್ಲಿ ಮೀನುಗಾರಿಕೆ ಇಲಾಖೆಯ ಪಾತ್ರವಿದೆ. ಹೂಳೆತ್ತುವ ಕೆಲಸ ಗ್ರಾಮ ಪಂಚಾಯಿತಿಯ ಉದ್ಯೋಗ ಖಾತರಿ ಕ್ರಿಯಾ ಯೋಜನೆಯಲ್ಲಿ ಬರುತ್ತದೆ, ಮೇಲಿನ ಹಳ್ಳಕ್ಕೆ ಅಡ್ಡಲಾಗಿ ಕಟ್ಟುವ ಚೆಕ್‌ಡ್ಯಾಂ ಜಲಾನಯನ ಯೋಜನೆಯಲ್ಲಿ ಬರುತ್ತದೆ, ಕೆರೆಯ ಕೆಳಗೆ ಕೊರೆದ ಕೊಳವೆಬಾವಿ ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಲೆಕ್ಕದಲ್ಲಿರುತ್ತದೆ, ಅದೇ ಕೆರೆಗೆ ಪೈಪಿನಲ್ಲಿ ತಂದು ಬಿಡುವ ಸಂಸ್ಕರಿತ ನೀರು ಬೇರೊಂದು ಬೃಹತ್ ಯೋಜನೆಯದು. ಹೀಗೆ ಒಂದು ಏರಿಯ ಮೇಲೆ ನಿಂತು ಎಣಿಸಿದರೆ ಏಳೆಂಟು ಕಡತಗಳು ಕಾಣುತ್ತವೆ. ಆದರೆ ಕೆರೆ ಒಂದೇ, ಅದಕ್ಕೆ ಬರುವ ನೀರೂ ಒಂದೇ. ಹಿಂದೆ ನೀರುಗಂಟಿಯೊಬ್ಬನು ಕೋಡಿಯ ಮಟ್ಟ, ತೂಬಿನ ಬಿರಡೆ, ಅಚ್ಚುಕಟ್ಟಿನ ಸರತಿ ಇವಿಷ್ಟನ್ನೂ ಒಂದೇ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡಿರುತ್ತಿದ್ದನು. ಹಳೆಯ ಗ್ರಾಮವ್ಯವಸ್ಥೆಯಲ್ಲಿ ಅನ್ಯಾಯ ಬಹಳವಿತ್ತು, ಅಚ್ಚುಕಟ್ಟಿನ ಭೂಮಿ ಯಾರ ಕೈಯಲ್ಲಿತ್ತೆಂಬುದನ್ನು ಮರೆಯಲಾಗದು. ಆದರೂ ನೀರಿನ ಒಟ್ಟು ಲೆಕ್ಕ ಒಬ್ಬರ ಹೊಣೆಯಾಗಿತ್ತೆಂಬ ಒಂದಂಶವನ್ನು ಇಂದಿನ ಆಡಳಿತ ಕಳೆದುಕೊಂಡಿದೆ.

ಈ ಸೀಮೆಯ ಕೆರೆಗಳು ಒಂಟಿಯಾಗಿಲ್ಲ ಎಂಬುದು ಇನ್ನೂ ಮುಖ್ಯವಾದ ಸಂಗತಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೂ ಕೆಳಗಿನದಕ್ಕೆ ಹೋಗುತ್ತದೆ. ಹೀಗೆ ಹೆಣೆದುಕೊಂಡ ಸಾಲನ್ನು ಕೆರೆಸರಣಿ ಎನ್ನುತ್ತಾರೆ. ಅರ್ಕಾವತಿಯ ಮೇಲ್ಭಾಗವೇ ಇಂಥ ಸರಣಿಗಳ ಒಂದು ಜಾಲ. ಅದರ ಕೆಳಗೆ, ಬೆಂಗಳೂರಿಗೆ ನೀರು ಕೊಡಲೆಂದು 1894ರಲ್ಲಿ ಹೆಸರಘಟ್ಟ ಜಲಾಶಯ, 1933ರಲ್ಲಿ ಅರ್ಕಾವತಿ ಮತ್ತು ಕುಮುದ್ವತಿ ಕೂಡುವಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಸಿದ್ಧವಾದವು. ಒಂದು ಕಾಲಕ್ಕೆ ನಗರದ ದಾಹ ತಣಿಸಿದ ಇವೆರಡೂ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದ ಒಳಹರಿವು ಕಳೆದುಕೊಳ್ಳುತ್ತ ಬಂದವು. ಸರ್ಕಾರ 2003ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶದ ಭೂಬಳಕೆಯನ್ನು ನಿರ್ಬಂಧಿಸುವ ಆದೇಶ ಹೊರಡಿಸಿದರೂ ಹರಿವು ಮರಳಲಿಲ್ಲ.

ಮಳೆ ಕಡಿಮೆಯಾಗಿದೆ ಎಂಬ ಸುಲಭ ಉತ್ತರವನ್ನು ಒಪ್ಪದೆ, ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೂ ಅವರ ಸಹೋದ್ಯೋಗಿಗಳೂ ಹಲವು ಸಂಭಾವ್ಯ ಕಾರಣಗಳನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ದಾರಿ ತೋರುವಂಥದ್ದು. ಮಳೆಯ ಬದಲಾವಣೆಯಿಂದಾಗಲಿ ತಾಪಮಾನದ ಏರಿಕೆಯಿಂದಾಗಲಿ ಇಷ್ಟು ದೊಡ್ಡ ಕುಸಿತವನ್ನು ವಿವರಿಸಲಾಗದೆಂದೂ, ಅಂತರ್ಜಲದ ಎತ್ತುವಳಿ, ನೀಲಗಿರಿ ತೋಪುಗಳ ವಿಸ್ತರಣೆ, ಹಳ್ಳಗಳಿಗೆ ಅಡ್ಡ ಕಟ್ಟಿದ ಸಣ್ಣ ಸಣ್ಣ ಅಡೆಗಳು ಇವೇ ಹೆಚ್ಚು ಸಂಭವನೀಯ ಕಾರಣಗಳೆಂದೂ ಅದು ತೋರಿಸಿತು. ಈ ಮೂರನ್ನೂ ಆಡಳಿತದ ಭಾಷೆಗೆ ತಿರುಗಿಸಿದರೆ ಸಿಗುವುದೇನು? ಕೊಳವೆಬಾವಿಯ ಹಿಂದೆ ಗಂಗಾ ಕಲ್ಯಾಣದಂಥ ನೀರಾವರಿ ಸಹಾಯ ಮತ್ತು ಪಂಪ್‌ಸೆಟ್ಟಿನ ಉಚಿತ ವಿದ್ಯುತ್ ಇದೆ. ನೀಲಗಿರಿಯ ಹಿಂದೆ 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಿದೆ. ಚೆಕ್‌ಡ್ಯಾಮಿನ ಹಿಂದೆ ಜಲಾನಯನ ಅಭಿವೃದ್ಧಿಯಿದೆ. ಒಂದೊಂದೂ ತನ್ನ ಮಟ್ಟಿಗೆ ಸದುದ್ದೇಶದ್ದು, ಒಂದೊಂದರ ಕಡತದಲ್ಲಿಯೂ ಗುರಿ ಮುಟ್ಟಿದ ಅಂಕಿಯಿದೆ, ಬಡ ರೈತನ ಹೊಲಕ್ಕೆ ಮೊದಲ ಬಾರಿ ನೀರು ತಂದದ್ದೂ ಇವುಗಳಲ್ಲೇ ಒಂದು. ಒಟ್ಟಾಗಿ ಮಾತ್ರ ಅವು ಹೊಳೆಯನ್ನು ಒಣಗಿಸಿದವು. ನೀಲಗಿರಿಯ ಸಸಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೆ ಸಸಿ ಹಂಚಿದ ಮೊದಲ ವರ್ಷಗಳಲ್ಲೇ, 1981ರಲ್ಲಿ, ನೆರೆಯ ಕೋಲಾರದ ಸಾಮಾಜಿಕ ಅರಣ್ಯದ ಬಗ್ಗೆ ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯಿಂದ ಹೊರಬಂದ ಅಧ್ಯಯನವು ರಾಗಿಯ ಹೊಲಗಳು ತೋಪಾಗುತ್ತಿರುವುದನ್ನು ಎತ್ತಿ ಹೇಳಿತ್ತು. ಮೌಲ್ಯಮಾಪನ ಸಕಾಲದಲ್ಲಿ ಬಂದರೂ ಅದನ್ನು ಕೇಳಿಸಿಕೊಳ್ಳುವ ಸ್ಥಾನ ಆಡಳಿತದಲ್ಲಿ ಇರಲಿಲ್ಲವೆಂಬುದು ನೋವಿನ ಸಂಗತಿ.

ಆದ್ದರಿಂದ ಕಾರ್ಯಕ್ರಮದ ರಚನೆ ಆರಂಭವಾಗಬೇಕಾದದ್ದು ಯೋಜನೆಗಳ ಪಟ್ಟಿಯಿಂದಲ್ಲ, ಅವೆಲ್ಲ ಸೇರಿ ತರಬೇಕಾದ ಒಂದು ಬದಲಾವಣೆಯ ವರ್ಣನೆಯಿಂದ. ಯಾವ ಕೆಲಸದಿಂದ ಯಾವ ಫಲ, ಆ ಫಲದಿಂದ ಯಾವ ಪರಿಣಾಮ, ನಡುವೆ ಯಾವ ನಂಬಿಕೆಗಳು ನಿಜವಾಗಬೇಕು ಎಂಬುದನ್ನು ಕೊಂಡಿ ಕೊಂಡಿಯಾಗಿ ಬರೆದಿಡುವುದನ್ನು ಅಭಿವೃದ್ಧಿ ಶಾಸ್ತ್ರದಲ್ಲಿ ಬದಲಾವಣೆಯ ಸಿದ್ಧಾಂತ ಎನ್ನುತ್ತಾರೆ. ‘ಫಲ’ವೆಂದರೆ ಕಟ್ಟಿದ ಚೆಕ್‌ಡ್ಯಾಂ, ಹಾಕಿದ ನಲ್ಲಿ, ‘ಪರಿಣಾಮ’ವೆಂದರೆ ಬೇಸಿಗೆಯಲ್ಲಿಯೂ ಆ ನಲ್ಲಿಯಲ್ಲಿ ನೀರು ಬರುವುದು. ಒಂದು ಯೋಜನೆಗೆ ಇಂಥ ಸರಪಳಿ ಬರೆಯುವುದು ಸುಲಭ. ಕಾರ್ಯಕ್ರಮಕ್ಕೆ ಬರೆಯುವಾಗ ಒಂದು ಯೋಜನೆಯ ಫಲವು ಇನ್ನೊಂದರ ಸರಪಳಿಯನ್ನು ಎಲ್ಲಿ ತುಂಡರಿಸುತ್ತದೆ ಎಂಬುದನ್ನೂ ಗುರುತಿಸಬೇಕಾಗುತ್ತದೆ. ಮೇಲಿನ ಹಳ್ಳದ ಚೆಕ್‌ಡ್ಯಾಂ ಸುತ್ತಲಿನ ಹತ್ತು ಬಾವಿಗಳಿಗೆ ನೀರು ಕೊಟ್ಟು ಕೆಳಗಿನ ಕೆರೆಯ ಪಾಲನ್ನು ಕಡಿಮೆ ಮಾಡಿದರೆ, ಅಲ್ಲಿ ಆದದ್ದು ನೀರಿನ ಹೆಚ್ಚಳವಲ್ಲ, ನೀರಿನ ವರ್ಗಾವಣೆ. ಎರಡು ಇಲಾಖೆಗಳು ಒಂದೇ ಹನಿಯನ್ನು ತಮ್ಮ ತಮ್ಮ ಸಾಧನೆಯೆಂದು ಎಣಿಸುವ ಈ ದೋಷವನ್ನು ಇಮ್ಮಡಿ ಎಣಿಕೆ ಎನ್ನಬಹುದು.

ರಚನೆಯ ಹಂತದಲ್ಲಿಯೇ ಮಾಡಬಹುದಾದ ಸರಳ ಗಣಿತವೊಂದು ಹಲವು ಭ್ರಮೆಗಳನ್ನು ತೊಡೆಯುತ್ತದೆ. 2019ರ ಆಗಸ್ಟ್ 15ರಂದು ಘೋಷಿತವಾದ ಜಲಜೀವನ ಮಿಷನ್, ಕರ್ನಾಟಕದಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನದು, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರನ್ನು ಗುರಿಯಾಗಿ ಇಟ್ಟುಕೊಂಡಿದೆ. ಎರಡು ಸಾವಿರ ಜನರಿರುವ ಊರಿಗೆ ಇದು ದಿನಕ್ಕೆ 110 ಘನ ಮೀಟರ್, ವರ್ಷಕ್ಕೆ ಸುಮಾರು 40,000 ಘನ ಮೀಟರ್. 2022ರ ಏಪ್ರಿಲ್‌ನಲ್ಲಿ ಆರಂಭವಾದ ಅಮೃತ ಸರೋವರ ಯೋಜನೆಯ ಪ್ರಕಾರ ಜಿಲ್ಲೆಗೆ 75 ಜಲಮೂಲಗಳು, ಒಂದೊಂದಕ್ಕೂ ಕನಿಷ್ಠ ಒಂದು ಎಕರೆ ವಿಸ್ತೀರ್ಣ, ಸುಮಾರು 10,000 ಘನ ಮೀಟರ್ ಸಾಮರ್ಥ್ಯ. ಅಂದರೆ ಒಂದು ಸರೋವರ ಒಮ್ಮೆ ತುಂಬಿ ಅದರ ನೀರೆಲ್ಲ ಆವಿಯಾಗದೆ ಇಂಗಿದರೂ ಆ ಊರಿನ ಕುಡಿಯುವ ನೀರಿನ ಕಾಲುಭಾಗಕ್ಕೆ ಸಾಲುತ್ತದೆ. ಇನ್ನೊಂದು ಕಡೆ, ಒಂದು ಬೆಳೆಗೆ 500 ಮಿಲಿಮೀಟರ್ ನೀರು ಬೇಕೆಂದು ಹಿಡಿದರೆ ಒಂದು ಹೆಕ್ಟೇರಿಗೆ 5,000 ಘನ ಮೀಟರ್ ಬೇಕು. ಎಂಟು ಹೆಕ್ಟೇರ್ ತರಕಾರಿ ಅಥವಾ ದ್ರಾಕ್ಷಿ ಇಡೀ ಊರಿನ ಕುಡಿಯುವ ನೀರಿಗೆ ಸಮ. ಹೀಗಿರುವಾಗ ಊರಿನ ನಲ್ಲಿಯ ಭವಿಷ್ಯ ನಲ್ಲಿ ಹಾಕುವ ಯೋಜನೆಯ ಕೈಯಲ್ಲಿ ಇಲ್ಲವೇ ಇಲ್ಲ, ಅದು ತೋಟಗಾರಿಕೆ ಇಲಾಖೆಯ ಕೈಯಲ್ಲಿಯೂ ವಿದ್ಯುತ್ ನೀತಿಯಲ್ಲಿಯೂ ಇದೆ. ಹನಿ ನೀರಾವರಿಗೆ ಶೇ. 90ರವರೆಗೂ ಸಹಾಯಧನ ಕೊಡುವುದು ಒಳ್ಳೆಯದೇ. ಆದರೆ ಉಳಿದ ನೀರಿನಿಂದ ರೈತ ಇನ್ನೊಂದು ಎಕರೆ ಬೆಳೆಯನ್ನಿಟ್ಟರೆ ಎಕರೆಗೆ ಉಳಿತಾಯವಾಯಿತೆಂಬುದು ನಿಜ, ಅಂತರ್ಜಲಕ್ಕೆ ಉಳಿತಾಯವಾಯಿತೆಂಬುದು ಸುಳ್ಳು. ಸಾಲ ತೀರಿಸಬೇಕಾದ ರೈತನನ್ನು ಇದಕ್ಕಾಗಿ ದೂರುವುದು ಸಲ್ಲದು. ಉಳಿಸಿದ ನೀರು ಏನಾಗಬೇಕೆಂಬ ಒಪ್ಪಂದವನ್ನು ಕಾರ್ಯಕ್ರಮವೇ ಮೊದಲು ಮಾಡಿಕೊಳ್ಳಬೇಕಿತ್ತು.

ಯೋಜನೆಗಳ ಸರತಿಯೂ ರಚನೆಯ ಭಾಗ. ಸಂಸ್ಕರಿತ ನೀರಿನಿಂದ ಕೆರೆ ತುಂಬಿಸುವ ಯೋಜನೆಗಳು ಇದಕ್ಕೆ ಉದಾಹರಣೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು 2018ರ ಜೂನ್‌ನಲ್ಲಿ ಕೋಲಾರವನ್ನು ಮುಟ್ಟಿತು. ಮರು ತಿಂಗಳೇ ನೊರೆ ಕಾಣಿಸಿಕೊಂಡು, ಪ್ರಕರಣ ಉಚ್ಚ ನ್ಯಾಯಾಲಯಕ್ಕೂ ಬಳಿಕ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆ ದಿನಕ್ಕೆ 210 ದಶಲಕ್ಷ ಲೀಟರ್ ನೀರನ್ನು ಬಾಗಲೂರು ಕೆರೆಯ ಮೂಲಕ ದೇವನಹಳ್ಳಿ ಮತ್ತು ಚಿಕ್ಕಬಳ್ಳಾಪುರದ ಕಡೆಯ 65 ಕೆರೆಗಳಿಗೆ ಒಯ್ಯಲು ರೂಪುಗೊಂಡಿತು. 210 ದಶಲಕ್ಷ ಲೀಟರ್ ಎಂದರೆ 2.1 ಲಕ್ಷ ಘನ ಮೀಟರ್. ಜಿಲ್ಲೆಯ 75 ಅಮೃತ ಸರೋವರಗಳ ಒಟ್ಟು ಸಾಮರ್ಥ್ಯವನ್ನು ಈ ಹರಿವು ನಾಲ್ಕು ದಿನ ತುಂಬುವ ಮೊದಲೇ ತುಂಬಿಸಬಲ್ಲದು. ಬರಡಾಗಿದ್ದ ಕೆರೆಗಳಲ್ಲಿ ನೀರು ನಿಂತದ್ದು, ಸುತ್ತಲಿನ ಬಾವಿಗಳು ಜೀವ ತಳೆದದ್ದು ಸಣ್ಣ ಸಂಗತಿಯಲ್ಲ. ಆದರೆ ಈ ನೀರು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಣೆಗೊಂಡದ್ದು: ಘನಪದಾರ್ಥವನ್ನೂ ಸಾವಯವ ಕೊಳೆಯನ್ನೂ ಬಹುಪಾಲು ತೆಗೆಯಲಾಗಿದೆ, ಸಾರಜನಕ, ರಂಜಕ ಮತ್ತು ಸೂಕ್ಷ್ಮಾಣುಗಳನ್ನು ತೆಗೆಯುವ ಮೂರನೇ ಹಂತ ನಡೆದಿಲ್ಲ. ನೀರಾವರಿ ಯೋಜನೆಯಾಗಿ ನೋಡಿದರೆ ಇದು ಸರಿಹೋಗಬಹುದು. ಅದೇ ಕೆರೆಯ ಮಗ್ಗುಲಲ್ಲಿ ಕುಡಿಯುವ ನೀರಿನ ಕೊಳವೆಬಾವಿ ಇರುವಾಗ, ಎರಡು ಯೋಜನೆಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಮೂರನೇ ಹಂತದ ಸಂಸ್ಕರಣೆ ಮೊದಲು, ಪೈಪ್‌ಲೈನ್ ಆಮೇಲೆ ಎಂಬ ಸರತಿ ಬೇಕಿತ್ತೆಂಬ ವಾದಕ್ಕೆ ಬಲವಿದೆ. ದೊಡ್ಡಬಳ್ಳಾಪುರದ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ನಗರದ ಮತ್ತು ಕೈಗಾರಿಕಾ ಪ್ರದೇಶದ ಕೊಳಚೆ ಸೇರುತ್ತಿರುವುದರ ವಿರುದ್ಧ ಅಲ್ಲಿನ ಹಳ್ಳಿಗಳ ಜನ ವರ್ಷಗಳಿಂದ ನಡೆಸುತ್ತಿರುವ ಹೋರಾಟ ಈ ಮಾತನ್ನು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಹೇಳಿದೆ: ಕೈಗಾರಿಕೆ ಮೊದಲು ಬಂತು, ಚರಂಡಿ ಆಮೇಲೆ.

ಇನ್ನು ಮೌಲ್ಯಮಾಪನ. ಈ ಪದದ ಜೊತೆಗೆ ಎರಡು ನೆರೆಪದಗಳು ಸದಾ ಬೆರೆತುಹೋಗುತ್ತವೆ. ಹಣ ನಿಯಮದಂತೆ ಖರ್ಚಾಯಿತೇ ಎಂದು ನೋಡುವುದು ಲೆಕ್ಕಪರಿಶೋಧನೆ. ಕೆಲಸ ವೇಳೆಗೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದು ಪ್ರಗತಿ ಪರಿಶೀಲನೆ. ನಡೆದ ಕೆಲಸದಿಂದ ಬದುಕು ಬದಲಾಯಿತೇ, ಬದಲಾಗಿದ್ದರೆ ಅದು ಈ ಕೆಲಸದಿಂದಲೇ ಆದದ್ದೇ, ಯಾರಿಗೆ ಆಯಿತು ಎಂದು ಕೇಳುವುದು ಮೌಲ್ಯಮಾಪನ. ನಮ್ಮ ಜಿಲ್ಲೆಗಳಲ್ಲಿ ಬೇರೂರಿರುವುದು ಎರಡನೆಯದು. ಇಲಾಖೆಗಳ ಪ್ರಗತಿ ನೋಡುವ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯಲ್ಲಿ ಒಂದೊಂದು ಇಲಾಖೆಯ ಅಧಿಕಾರಿಯೂ ಸರತಿಯಂತೆ ಎದ್ದು ಭೌತಿಕ ಗುರಿ, ಆರ್ಥಿಕ ಗುರಿ, ಸಾಧನೆ, ಶೇಕಡಾವಾರು ಎಂಬ ಕಾಲಂಗಳನ್ನು ಓದಿ ಕುಳಿತುಕೊಳ್ಳುತ್ತಾರೆ. ಆ ಸಭೆ ಅನಗತ್ಯವಲ್ಲ. ನಿಂತ ಕಾಮಗಾರಿಯನ್ನು ಎಬ್ಬಿಸುವ ಶಕ್ತಿ ಅದಕ್ಕಿದೆ. ಆದರೆ ಜಲಾನಯನದ ಸಾಧನೆಯನ್ನೂ ಸಣ್ಣ ನೀರಾವರಿಯ ಸಾಧನೆಯನ್ನೂ ಒಂದೇ ಕೆರೆಯ ನಕ್ಷೆಯ ಮೇಲೆ ಇಟ್ಟು ನೋಡುವ ಕಾಲಂ ಅದರಲ್ಲಿಲ್ಲ.

ಮೌಲ್ಯಮಾಪನದ ಪರಂಪರೆ ಈ ದೇಶಕ್ಕೆ ಹೊಸದೇನಲ್ಲ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ 55 ಯೋಜನಾ ಪ್ರದೇಶಗಳಲ್ಲಿ ಆರಂಭವಾದಾಗ ಅದರ ಜೊತೆಯಲ್ಲಿಯೇ, ಅದೇ ತಿಂಗಳು, ಯೋಜನಾ ಆಯೋಗ ಕಾರ್ಯಕ್ರಮ ಮೌಲ್ಯಮಾಪನ ಸಂಸ್ಥೆಯನ್ನು ಹುಟ್ಟುಹಾಕಿತು. ಕಾರ್ಯಕ್ರಮ ಮತ್ತು ಅದನ್ನು ಅಳೆಯುವ ಕಣ್ಣು ಒಟ್ಟಿಗೆ ಹುಟ್ಟಬೇಕೆಂಬ ಆ ತಿಳಿವಳಿಕೆ ಇಂದಿಗೂ ಮಾದರಿ. ಕರ್ನಾಟಕವು 2000ದಲ್ಲಿ ಮೌಲ್ಯಮಾಪನ ನೀತಿಯನ್ನು ರೂಪಿಸಿ, 2011ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವನ್ನು ಸ್ಥಾಪಿಸಿದ್ದು ಇತರ ರಾಜ್ಯಗಳಿಗಿಂತ ಮುಂದಿನ ಹೆಜ್ಜೆಯೇ. ಆದರೂ ಅಧ್ಯಯನದ ಘಟಕ ಸಾಮಾನ್ಯವಾಗಿ ಒಂದು ಇಲಾಖೆಯ ಒಂದು ಯೋಜನೆಯಾಗಿರುತ್ತದೆ. ಅಂತರರಾಷ್ಟ್ರೀಯವಾಗಿಯೂ ಸ್ಥಿತಿ ಬಹುಕಾಲ ಹೀಗೆಯೇ ಇತ್ತು. ಶ್ರೀಮಂತ ರಾಷ್ಟ್ರಗಳ ಒಇಸಿಡಿ ಕೂಟದ ಅಭಿವೃದ್ಧಿ ನೆರವು ಸಮಿತಿ 1991ರಲ್ಲಿ ಪ್ರಸ್ತುತತೆ, ಪರಿಣಾಮಕಾರಿತ್ವ, ದಕ್ಷತೆ, ಪ್ರಭಾವ, ಸುಸ್ಥಿರತೆ ಎಂಬ ಐದು ಮಾನದಂಡಗಳನ್ನು ಕೊಟ್ಟಿತ್ತು. ಒಂದು ಯೋಜನೆ ಅದೇ ಪ್ರದೇಶದ ಇತರ ಯೋಜನೆಗಳೊಂದಿಗೆ ಹೊಂದುತ್ತದೆಯೇ ಎಂದು ಕೇಳುವ ‘ಸುಸಂಗತತೆ’ ಎಂಬ ಆರನೆಯದು ಸೇರಿದ್ದು 2019ರಲ್ಲಿ. ಅರ್ಕಾವತಿಯ ದಂಡೆಯವರು ಅನುಭವಿಸಿ ತಿಳಿದದ್ದಕ್ಕೆ ಶಾಸ್ತ್ರದಲ್ಲಿ ಹೆಸರು ಸಿಗಲು ಅಷ್ಟು ಕಾಲ ಹಿಡಿಯಿತು.

ಕೆರೆಸರಣಿಯನ್ನೇ ಘಟಕವಾಗಿ ಹಿಡಿದು ಮೌಲ್ಯಮಾಪನ ಮಾಡಹೊರಟರೆ ಎದುರಾಗುವ ಮೊದಲ ತೊಡಕು ಮಳೆ. 2021 ಮತ್ತು 2022ರಲ್ಲಿ ಸುರಿದ ಭಾರಿ ಮಳೆಗೆ ಬಹುಕಾಲ ಒಣಗಿದ್ದ ಕೆರೆಗಳು ಕೋಡಿ ಹರಿದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. 2022ರ ಡಿಸೆಂಬರ್‌ನಲ್ಲಿ ಅಳೆದವರಿಗೆ ಎಲ್ಲ ಯೋಜನೆಗಳೂ ಗೆದ್ದಂತೆ, 2024ರ ಬೇಸಿಗೆಯಲ್ಲಿ ಅಳೆದವರಿಗೆ ಎಲ್ಲವೂ ಸೋತಂತೆ ಕಾಣುವುದು ಸಹಜ. ಆದಕಾರಣ ಕೆಲಸ ಆರಂಭವಾಗುವ ಮೊದಲಿನ ಸ್ಥಿತಿಯ ದಾಖಲೆ, ಅಂದರೆ ಮೂಲರೇಖೆ, ಹಲವು ವರ್ಷಗಳದ್ದಾಗಿರಬೇಕು. ಯೋಜನೆ ಮುಟ್ಟದ ಆದರೆ ಅದೇ ಮಳೆ ಕಂಡ ನೆರೆಯ ಸರಣಿಯೊಂದನ್ನು ಹೋಲಿಕೆಗೆ ಇಟ್ಟುಕೊಳ್ಳಬೇಕು. ಎರಡನೆಯ ತೊಡಕು ಶ್ರೇಯಸ್ಸಿನ ಹಂಚಿಕೆ. ಬಾವಿಯ ನೀರು ಏರಿದರೆ ಅದರಲ್ಲಿ ಹೂಳೆತ್ತಿದ್ದರ ಪಾಲೆಷ್ಟು, ಪೈಪಿನ ನೀರಿನ ಪಾಲೆಷ್ಟು, ಹೊಲ ಮಾರಿ ವ್ಯವಸಾಯ ಬಿಟ್ಟವರಿಂದ ಆದ ಉಳಿತಾಯ ಎಷ್ಟು ಎಂಬುದನ್ನು ಪೈಸೆಪೈಸೆಯಾಗಿ ಬೇರ್ಪಡಿಸಲಾಗದು. 2008ರ ಮೇ ತಿಂಗಳಿನಿಂದ ವಿಮಾನ ನಿಲ್ದಾಣವಿರುವ ದೇವನಹಳ್ಳಿಯಲ್ಲಂತೂ ಹೀಗೆ ಹೊಲ ಮಾರುವುದು ಕೇವಲ ಊಹೆಯ ಮಾತಲ್ಲ. ಯಾರಿಂದ ಎಷ್ಟು ಎಂಬ ಪ್ರಶ್ನೆಗಿಂತ, ಈ ಕೆಲಸ ಇಲ್ಲದಿದ್ದರೆ ಸರಣಿಯಲ್ಲಿ ಯಾವ ಕೊಂಡಿ ತಪ್ಪುತ್ತಿತ್ತು ಎಂದು ಸಾಕ್ಷ್ಯಗಳಿಂದ ಕಟ್ಟಿಕೊಡುವ ಕೊಡುಗೆಯ ವಿಶ್ಲೇಷಣೆಯೇ ಇಲ್ಲಿ ಪ್ರಾಮಾಣಿಕವಾದ ದಾರಿ.

ಮೂರನೆಯದು ತೊಡಕಲ್ಲ, ಕರ್ತವ್ಯ: ಯಾರು ಕಳೆದುಕೊಂಡರು ಎಂದು ಕೇಳುವುದು. ಸರಾಸರಿ ಅಂಕಿ ಈ ಪ್ರಶ್ನೆಯನ್ನು ಮುಚ್ಚಿಹಾಕುತ್ತದೆ. ಸಾವಿರ ಅಡಿ ಕೊರೆಸಬಲ್ಲವನ ಬಾವಿಗೂ ತೆರೆದ ಬಾವಿ ಬತ್ತಿದವಳ ಹೊಲಕ್ಕೂ ಒಂದೇ ಸರಾಸರಿ ಬಂದರೆ ಅದು ಮಾಪನವಲ್ಲ. ಕಾರ್ಯಕ್ರಮದ ಹೊರಗಿನ ನಿರ್ಧಾರಗಳನ್ನೂ ಈ ಲೆಕ್ಕಕ್ಕೆ ತರಬೇಕಾಗುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಸ್ವಾಧೀನಪಡಿಸಿಕೊಳ್ಳಲು ಹೊರಟಾಗ, 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮೀರಿ ರೈತರು ಧರಣಿ ಕುಳಿತು, 2025ರ ಜುಲೈ 15ರಂದು ಸರ್ಕಾರ ಆ ಪ್ರಸ್ತಾವವನ್ನು ಕೈಬಿಟ್ಟಿತು. ಕೃಷಿಯನ್ನು ಉಳಿಸಲೆಂದು ಒಂದು ಇಲಾಖೆ ಹಣ ಹೂಡುವ ತಾಲ್ಲೂಕಿನಲ್ಲೇ ಇನ್ನೊಂದು ಇಲಾಖೆ ಕೃಷಿಭೂಮಿಗೆ ನೋಟಿಸು ಕೊಡುವಾಗ, ಆ ವಿರೋಧವನ್ನು ಗುರುತಿಸಿದವರು ಯಾವ ಮೌಲ್ಯಮಾಪಕರೂ ಅಲ್ಲ, ಆ ಹಳ್ಳಿಗಳವರೇ.

ಇಂಥ ವಿರೋಧಗಳನ್ನು ಒಂದೇ ಮೇಜಿನ ಮೇಲೆ ಇಡಬೇಕಾದ ಸ್ಥಾನವನ್ನು ಸಂವಿಧಾನ ಆಗಲೇ ಕೊಟ್ಟಿದೆ. 74ನೆಯ ತಿದ್ದುಪಡಿಯಿಂದ ಬಂದ 243 ಝಡ್‌ಡಿ ವಿಧಿಯ ಪ್ರಕಾರ ಪಂಚಾಯಿತಿಗಳ ಮತ್ತು ನಗರಸಭೆಗಳ ಯೋಜನೆಗಳನ್ನು ಕ್ರೋಡೀಕರಿಸಿ, ನೀರು ಮುಂತಾದ ಸಂಪನ್ಮೂಲಗಳ ಹಂಚಿಕೆಯನ್ನು ಗಮನಿಸಿ, ಇಡೀ ಜಿಲ್ಲೆಗೆ ಒಂದು ಕರಡು ಯೋಜನೆ ಸಿದ್ಧಪಡಿಸಬೇಕಾದದ್ದು ಜಿಲ್ಲಾ ಯೋಜನಾ ಸಮಿತಿ. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಭಾಗ ಚುನಾಯಿತ ಪ್ರತಿನಿಧಿಗಳಿಂದ ಆಯ್ಕೆಯಾಗಬೇಕು. 1987ರಲ್ಲಿ ಜಿಲ್ಲಾ ಪರಿಷತ್ತುಗಳನ್ನು ಕಟ್ಟಿ ದೇಶಕ್ಕೆ ದಾರಿ ತೋರಿದ, ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಕರ್ನಾಟಕದಲ್ಲಿಯೇ, 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳು ವರ್ಷಗಟ್ಟಲೆ ಚುನಾವಣೆಯಿಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ಗ್ರಾಮೀಣ ಜನರ ಆಯ್ಕೆಯ ಸದಸ್ಯರಿಲ್ಲದ ಯೋಜನಾ ಸಮಿತಿ ಇಲಾಖೆಗಳ ಪಟ್ಟಿಗಳನ್ನು ಹೊಲಿದು ಕೊಡಬಹುದು. ಮೇಲಿನ ಊರಿನ ಚೆಕ್‌ಡ್ಯಾಂ ಬೇಕೋ ಕೆಳಗಿನ ಊರಿನ ಕೆರೆ ಬೇಕೋ ಎಂಬ ತಕರಾರನ್ನು ತೀರ್ಮಾನಿಸಲಾರದು. ಆ ತೀರ್ಮಾನ ಎಂಜಿನಿಯರುಗಳ ಕೆಲಸವೂ ಅಲ್ಲ.

ಆ ಚುನಾವಣೆ ನಡೆಯುವವರೆಗೂ ಗ್ರಾಮ ಪಂಚಾಯಿತಿಗಳಿಗೆ ಕಾಯಬೇಕಾದ ಅಗತ್ಯವಿಲ್ಲ. ಒಂದೇ ಸರಣಿಯ ಮೇಲಿರುವ ಮೂರು ನಾಲ್ಕು ಪಂಚಾಯಿತಿಗಳು ಮುಂಗಾರಿಗೆ ಮೊದಲು ಮತ್ತು ಹಿಂಗಾರು ಮುಗಿದ ಮೇಲೆ, ವರ್ಷಕ್ಕೆ ಎರಡು ಸಲ, ಗೊತ್ತುಪಡಿಸಿದ ಬಾವಿಗಳ ನೀರಿನ ಆಳವನ್ನೂ ಕೆರೆಯ ಮಟ್ಟವನ್ನೂ ಒಂದೇ ದಿನ ಅಳೆದು, ಇಲಾಖೆವಾರು ಅಲ್ಲದೆ ಸರಣಿಯ ಮೇಲಿನ ಕೆರೆಯಿಂದ ಕೆಳಗಿನ ಕೆರೆಯವರೆಗೆ ಅನುಕ್ರಮವಾಗಿ ಒಂದೇ ಹಾಳೆಯಲ್ಲಿ ಬರೆದು, ಪಂಚಾಯಿತಿ ಕಟ್ಟಡದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ ಗ್ರಾಮಸಭೆಯಲ್ಲಿ ಓದಬಹುದು. ಇದಕ್ಕೆ ಬೇಕಾದದ್ದು ಅಳತೆಪಟ್ಟಿ, ಗಂಟು ಹಾಕಿದ ಹಗ್ಗ, ಒಬ್ಬ ನೀರುಗಂಟಿಯ ದಿನಗೂಲಿ. ಆದರೆ ಓದುವ ಕ್ರಮದಲ್ಲಿ ಮೊದಲ ಸ್ಥಾನ ಸರಣಿಯ ಕಟ್ಟಕಡೆಯ ಕೆರೆಗೆ ಇರಬೇಕು. ಮೇಲೆ ನಡೆದ ಎಲ್ಲ ಕಾಮಗಾರಿಗಳ ಒಟ್ಟು ಉತ್ತರ ಬಂದು ನಿಲ್ಲುವುದು ಆ ಕೆರೆಯ ತೂಬಿನ ಬಾಯಲ್ಲಿ.